ಏಕಾದಶಿಯ ಮರುದಿನ

ನಮ್ಮತ್ತೆ ಬೈಯುವುದನ್ನು ನಿಲ್ಲಿಸಿದ್ದನ್ನು ಮನೆಯಲ್ಲಿ ಮೊದಲು ಗಮನಿಸಿದವಳು ನನ್ನ ಮಗಳು. ಆಗ ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಸ್ಕೂಲಿನಿಂದ ಬಂದವಳೇ ಶೂಸ್ ಕಳಚದೆ ಅಡುಗೆಮನೆಗೆ ನುಗ್ಗಿ, ಮಡಿನೀರಿನ ಕೊಡದಿಂದಲೇ ಬಗ್ಗಿಸಿಕೊಂಡು ಕುಡಿದಳಂತೆ. ಅತ್ತೆ ಮಂಚದ ಮೇಲೆ ಕೂತು ನೋಡುತ್ತಲೇ ಇದ್ದರಂತೆ. ಹಿಂದೆಯಾಗಿದ್ದರೆ ಆ ಕೊಡ, ಆ ನೀರು, ಆ ಹುಡುಗಿ ಮೂರೂ ಬಾಗಿಲಾಚೆ ಇರಬೇಕಿತ್ತು.

"ಅಮ್ಮಾ, ಅಜ್ಜಿ ಡಾಂಟ್ ಮಾಡ್ತಾನೇ ಇಲ್ಲ, ಬೈಯೋದೇ ಇಲ್ಲ. ಕುಛ್ ತೋ ಗಡಬಡ್ ಹೈ, ಏನೋ ಆಗಿದೆ," ಎಂದು ಸಂಜೆ ನನ್ನ ಹತ್ತಿರ ಹೇಳಿದಳು.

"ನಿನ್ನ ಪುಣ್ಯ. ಸುಮ್ನೆ ಹೋಂವರ್ಕ್ ಮಾಡು," ಎಂದೆ.

ಪುಣ್ಯ ಅವಳದಲ್ಲ, ನನ್ನದು ಅಂತಲೇ ಒಳಗೊಳಗೆ ಹಿಗ್ಗಿದ್ದೆ. ಮಾವನವರು ತೀರಿಕೊಂಡ ವರ್ಷ ಅತ್ತೆ ನಮ್ಮ ಜೊತೆ ಇರಲು ದೆಹಲಿಗೆ ಬಂದರು. ಅಲ್ಲಿಂದ ಹನ್ನೊಂದು ವರ್ಷ ಕಿದ್ವಾಯಿ ನಗರದ ನಮ್ಮ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಡುಗೆಮನೆ ಅವರದು. ನಾನು ಆ ಅಡುಗೆಮನೆಗೆ ಡೆಪ್ಯುಟೇಶನ್ ಮೇಲೆ ಬಂದವಳ ಹಾಗೆ. ಈರುಳ್ಳಿ ಬೆಳ್ಳುಳ್ಳಿ ಹೊಸ್ತಿಲು ದಾಟುವ ಹಾಗಿಲ್ಲ. ಅವರು ಮಿಂದು ಮಡಿಯುಟ್ಟ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಏಕಾದಶಿ ದಿನ ಅವರ ಬಾಯಿಗೆ ನೀರೂ ಬೀಳುವುದಿಲ್ಲ. ಆಷಾಢದಿಂದ ಕಾರ್ತಿಕದವರೆಗೆ ಚಾತುರ್ಮಾಸ್ಯ. ಮಾಧ್ವರ ಮನೆಗಳಲ್ಲಿ ಅದರ ಕ್ರಮ ಎಲ್ಲರಿಗೂ ಬಾಯಿಪಾಠ: ಮೊದಲ ತಿಂಗಳು ತರಕಾರಿ ಬಿಡಬೇಕು, ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ನಾನೂ ಮಾಧ್ವರ ಮನೆಯ ಹುಡುಗಿಯೇ. ಆದರೆ ಮಿನಿಸ್ಟ್ರಿಯಲ್ಲಿ ಕ್ಲರ್ಕು. ಆಫೀಸಿನ ಕ್ಯಾಂಟೀನಿನಲ್ಲಿ ಛೋಲೆಯ ಜೊತೆ ಹಸಿ ಈರುಳ್ಳಿ ಕಡಿದು, ಬಸ್ ಸ್ಟಾಪಿನಲ್ಲಿ ಸೋಂಪು ಜಗಿದು ಮನೆಗೆ ಬರುತ್ತಿದ್ದೆ. ಬಾಗಿಲಲ್ಲೇ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಬೈಗುಳ ಆಗ ಶುರುವಾದರೆ ರಾತ್ರಿ ಊಟದವರೆಗೆ.

ಅಂಥ ಬಾಯಿ ಆ ವರ್ಷ ಹೋಳಿ ಕಳೆದ ಮೇಲೆ ಮುಚ್ಚಿಹೋಯಿತು. ಬೆಳಗ್ಗೆ ನಾಲ್ಕೂವರೆಗೆ ಏಳುತ್ತಿದ್ದವರು ಎಂಟಾದರೂ ಏಳಲಿಲ್ಲ. ಏಳಲಿಲ್ಲವೆಂದರೆ ನಿದ್ದೆಯೂ ಇಲ್ಲ, ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಿದ್ದರು. ಏನು ಕೇಳಿದರೂ "ಏನಕ್ಕೆ?" ಅನ್ನುವುದೊಂದೇ ಉತ್ತರ. ಕಾಲೋನಿಯ ಡಿಸ್ಪೆನ್ಸರಿಯ ಡಾಕ್ಟರು ಟಾನಿಕ್ ಕೊಟ್ಟರು. ಒಂದು ದಿನ ಬಚ್ಚಲಿಗೆ ಹೋದವರು ಎರಡು ತಾಸು ಕಳೆದರೂ ಬರಲಿಲ್ಲ. ನನಗೆ ಆಫೀಸಿಗೆ ಹೊತ್ತಾಗುತ್ತಿತ್ತು, ಬಾಗಿಲು ಬಡಿದು ಕೂಗಾಡಿದೆ. ತೆರೆದು ನೋಡಿದರೆ ನಲ್ಲಿ ಸುರಿಯುತ್ತಲೇ ಇದೆ, ಬಕೆಟ್ಟು ತುಂಬಿ ಹರಿಯುತ್ತಿದೆ, ಇವರು ಒಂದು ಚೊಂಬೂ ಮೈಮೇಲೆ ಹಾಕಿಕೊಳ್ಳದೆ ಕೈಯಲ್ಲಿ ಚೊಂಬು ಹಿಡಿದು ಕೂತಿದ್ದಾರೆ. ಆಗ ನನಗೆ ಭಯವಾಯಿತು. ಅದಕ್ಕೆ ಮೊದಲು ಆಗಿರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು.

ನಮ್ಮವರು ಬೇರೊಂದು ಇಲಾಖೆಯಲ್ಲಿ ಅಧಿಕಾರಿ. ಹಿಂದಿನ ವರ್ಷವಷ್ಟೇ ಗುವಾಹಟಿಗೆ ವರ್ಗವಾಗಿ ಹೋಗಿದ್ದರು. ಹಾಗಾಗಿ ಮುಂದಿನದೆಲ್ಲ ನನ್ನ ತಲೆಗೇ ಬಂತು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತು ಮನೋವೈದ್ಯರಿಗೆ ತೋರಿಸಿದೆ. ಅವರು ಖಿನ್ನತೆ ಎಂದರು, ಮಾತ್ರೆ ಬರೆದುಕೊಟ್ಟರು. ಖಿನ್ನತೆ ಅಂದರೆ ಬೇಜಾರು ಅಂತ ನಾನು ತಿಳಿದೆ. ಇವರಿಗೆ ಯಾತರ ಬೇಜಾರು? ಮಗ ಅಧಿಕಾರಿ, ಸೊಸೆ ಬೈಸಿಕೊಳ್ಳುವುದಕ್ಕೆ ತಯಾರು, ಮೊಮ್ಮಗಳು ಜಾಣೆ. ಒಂದು ತಿಂಗಳ ಮೇಲೆ ತುಳಸಿ ಕುಂಡಕ್ಕೆ ನೀರು ಹಾಕಲು ಹೋದರೆ, ಮಣ್ಣಿನಲ್ಲಿ ಬಿಳಿ ಮಾತ್ರೆ, ಗುಲಾಬಿ ಮಾತ್ರೆ ಕರಗಿ ಕೂತಿವೆ. ತುಳಸಿ ಮಾತ್ರ ಚೆನ್ನಾಗಿ ಚಿಗುರಿತ್ತು. ಮನೋವೈದ್ಯರು, ಇನ್ನು ಮನೆಯಲ್ಲಿ ಆಗುವುದಿಲ್ಲ, ಎಲ್ಲಾದರೂ ಸೇರಿಸಿ ಎಂದರು. ತಮ್ಮಲ್ಲಿ ಹಾಸಿಗೆ ಖಾಲಿಯಿಲ್ಲವೆಂದು ಘಾಜಿಯಾಬಾದಿನ ಒಂದು ನರ್ಸಿಂಗ್ ಹೋಮಿಗೆ ಚೀಟಿ ಕೊಟ್ಟರು.

ಅಷ್ಟು ದೂರವೇ ಅಂತ ಬೇರೆಯವರಾದರೆ ಗೊಣಗುತ್ತಿದ್ದರು. ನನಗೆ ದೂರವಾದಷ್ಟೂ ಒಳ್ಳೆಯದೇ ಆಗಿತ್ತು. ಸರ್ಕಾರಿ ಕಾಲೋನಿಯಲ್ಲಿ ಒಂದು ಮನೆಯಲ್ಲಿ ಒಗ್ಗರಣೆ ಸೀದರೆ ನಾಲ್ಕು ಬ್ಲಾಕಿಗೆ ಗೊತ್ತಾಗುತ್ತದೆ. ಅತ್ತೆಗೆ ತಲೆ ಸರಿಯಿಲ್ಲವಂತೆ ಎಂಬ ಸುದ್ದಿ ಹಬ್ಬಿದರೆ ನಾಳೆ ಮಗಳಿಗೆ ಗಂಡು ನೋಡುವ ಕಾಲಕ್ಕೂ ಅದು ಉಳಿದುಕೊಂಡಿರುತ್ತದೆ. ಪಕ್ಕದ ಮನೆಯ ಆಂಟಿಗೆ, "ಮಾತಾಜಿ ಹರಿದ್ವಾರಕ್ಕೆ ಹೋಗಿದಾರೆ, ಚಾತುರ್ಮಾಸ ಅಲ್ಲೇ," ಎಂದು ಹೇಳಿದೆ. ಆಯಮ್ಮ ಭಕ್ತಿಯಿಂದ ಕೈಮುಗಿದು, ಬರುವಾಗ ನನಗೂ ಒಂದು ಬಾಟ್ಲಿ ಗಂಗಾಜಲ ಎಂದಳು.

ಶ್ರಾವಣ ಶುರುವಾಗಿತ್ತು ಅವರನ್ನು ಸೇರಿಸುವ ಹೊತ್ತಿಗೆ. ಮಳೆ ಬಂದು ನಿಂತ ಮೇಲಿನ ಬೇಗೆ, ಬಸ್ಸಿನಲ್ಲಿ ಆನಂದ್ ವಿಹಾರದವರೆಗೆ, ಅಲ್ಲಿಂದ ಶೇರ್ ಆಟೋ. ಮೂರು ಮಹಡಿಯ ಕಟ್ಟಡ, ಕಿಟಕಿಗಳಿಗೆಲ್ಲ ದಪ್ಪ ಜಾಲರಿ. ಎರಡನೆಯ ಮಹಡಿ ಹೆಂಗಸರದು, ಎಂಟು ಹಾಸಿಗೆ. ನಾನು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ಬೆಳಗ್ಗೆ ಕೈಕಾಲು ಆಡಿಸುವ ವ್ಯಾಯಾಮ, ಹನ್ನೊಂದಕ್ಕೆ ಎಲ್ಲರೂ ದುಂಡಗೆ ಕೂತು ಅವತ್ತು ಮನಸ್ಸು ಹೇಗಿದೆ ಅಂತ ಒಬ್ಬೊಬ್ಬರಾಗಿ ಹೇಳುವುದು, ಮಧ್ಯಾಹ್ನ ಉಣ್ಣೆ ಹೆಣೆಯುವುದು ಅಥವಾ ಬಣ್ಣ ಹಚ್ಚುವುದು. ಮಾತ್ರೆಯನ್ನು ಸಿಸ್ಟರ್ ಎದುರಿಗೇ ನುಂಗಬೇಕು, ಬಾಯಿ ತೆರೆದು ತೋರಿಸಬೇಕು. ಅಲ್ಲಿ ತುಳಸಿ ಕುಂಡ ಇರಲಿಲ್ಲ. ಸಿಸ್ಟರ್ ಕೇರಳದವರು, ಮಂಗಳೂರಿನಲ್ಲಿ ನರ್ಸಿಂಗ್ ಓದಿದ್ದರಿಂದ ಕನ್ನಡ ಬರುತ್ತಿತ್ತು. ಇದು ದೇವರೇ ಮಾಡಿಸಿದ ಏರ್ಪಾಡು ಎಂದು ನಾನು ನಿಶ್ಚಿಂತಳಾಗಿ ಮನೆಗೆ ಬಂದೆ.

ಹತ್ತು ದಿನ ಕಳೆದ ಮೇಲೆ ಡಾಕ್ಟರು ನನ್ನನ್ನು ಕರೆಸಿದರು. ನಡುವಯಸ್ಸಿನ ಪಂಜಾಬಿ ಹೆಂಗಸು, ಚುರುಕು ಮಾತು. ಆಕೆ ಎದುರಿಗೊಂದು ಹಾಳೆ ಇಟ್ಟುಕೊಂಡು ವಿವರಿಸಿದರು. ಮಾತ್ರೆಯ ಪ್ರಮಾಣ ಏರಿಸಬಹುದು, ಆದರೆ ಅದು ಹಿಡಿಯಲು ವಾರಗಳು ಬೇಕು. ಮಾತಾಡಿಸಿ ಮನಸ್ಸು ಹಗುರ ಮಾಡುವ ಚಿಕಿತ್ಸೆಯಿದೆ, ಮಾತಾಜಿ ಬಾಯೇ ಬಿಡುವುದಿಲ್ಲ. ಊಟ ಬಿಡುತ್ತಾ ಹೋದರೆ ಮಾತ್ರ ಕಾಯುವಂತಿಲ್ಲ. ಆಗ ಕರೆಂಟ್ ಚಿಕಿತ್ಸೆ ಯೋಚಿಸಬೇಕಾಗುತ್ತದೆ. ಅರಿವಳಿಕೆ ಕೊಟ್ಟು ಮಾಡುತ್ತೇವೆ, ನೋವಾಗುವುದಿಲ್ಲ, ಸಿನಿಮಾದಲ್ಲಿ ತೋರಿಸುವ ಹಾಗಲ್ಲ ಎಂದೂ ಹೇಳಿದರು.

ನನಗೆ ಕೇಳಿಸಿದ್ದು ಕರೆಂಟ್ ಅನ್ನುವುದೊಂದೇ. ಅಯ್ಯೋ ದೇವರೇ, ಮಡಿಯಲ್ಲಿದ್ದಾಗ ಸೊಸೆಯ ಸೆರಗು ತಾಕಿದರೆ ಮತ್ತೆ ಸ್ನಾನ ಮಾಡುವ ಹೆಂಗಸನ್ನು ಮಲಗಿಸಿ ತಲೆಗೆ ತಂತಿ ಹಚ್ಚುವುದೇ!

"ಯಾಕೆ? ಅಂಥಾದ್ದೇನು ಮಾಡಿದಾರೆ ಅವರು?" ಎಂದು ಹಿಂದಿಯಲ್ಲಿ ಜೋರಾಗಿಯೇ ಕೇಳಿದೆ.

ಡಾಕ್ಟರು ಹಾಳೆ ನೋಡಿ ಓದಿದರು. ಮೊಸರು ನಿರಾಕರಿಸುತ್ತಾರೆ. ಪಲ್ಯ ಮುಟ್ಟುವುದಿಲ್ಲ. ಆಯಾ ಹತ್ತಿರ ಬಂದರೆ ಮುದುಡಿಕೊಳ್ಳುತ್ತಾರೆ. ಪದೇ ಪದೇ ಕೈ ತೊಳೆಯುತ್ತಾರೆ. ತುಟಿ ಅಲುಗಿಸುತ್ತಾ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ. ಒಂದು ಪೂರ್ತಿ ದಿನ ನೀರನ್ನೂ ಕುಡಿಯಲಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಇದು ರೋಗವಲ್ಲ ತಾಯೀ, ಮಡಿ! ಇದು ಮೊಸರು ಬಿಡುವ ತಿಂಗಳು. ಪಲ್ಯದಲ್ಲಿ ನೀವು ಬೆಳ್ಳುಳ್ಳಿ ಹಾಕಿದ್ದೀರಿ. ತುಟಿ ಅಲುಗಿಸುವುದು ಜಪ. ನೀರು ಕುಡಿಯದ ದಿನ ಏಕಾದಶಿ. ಹಿಂದಿ ನನಗೆ ಅಷ್ಟು ಸರಾಗವಾಗಿ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಡಾಕ್ಟರು ಒಳ್ಳೆಯವರು. ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. "ಅಚ್ಛಾ, ಇದೆಲ್ಲ ನಮಗೆ ಗೊತ್ತಾಗೋದು ಹೇಗೆ? ಬರೆದುಕೊಡಿ, ಫೈಲಿನಲ್ಲಿ ಇಡೋಣ," ಎಂದರು.

ಬರೆದುಕೊಡಿ ಎಂದು ಸರ್ಕಾರಿ ಕ್ಲರ್ಕಿಗೆ ಹೇಳಿದರೆ ಕೇಳಬೇಕೆ? ಮರುದಿನ ಆಫೀಸಿನ ಕಂಪ್ಯೂಟರಿನಲ್ಲಿ ಊಟದ ಬಿಡುವಿನಲ್ಲಿ ಕೂತು ಇಂಗ್ಲಿಷಿನಲ್ಲಿ ಟಿಪ್ಪಣಿ ಟೈಪು ಮಾಡಿದೆ. ವಿಷಯ: ರೋಗಿಯ ಆಹಾರ ಮತ್ತು ಆಚಾರ. ಒಂದರ ಕೆಳಗೆ ಒಂದು ಹನ್ನೆರಡು ಅಂಶ. ಯಾವ ತಿಂಗಳಲ್ಲಿ ಏನನ್ನು ತಿನ್ನುವುದಿಲ್ಲ, ಯಾವ ವಾರ ಒಪ್ಪೊತ್ತು, ಯಾವ ತಿಥಿಗೆ ಉಪವಾಸ, ಯಾವಾಗ ಮುಟ್ಟಬಾರದು. ಕೊನೆಯಲ್ಲಿ, ಮೇಲ್ಕಂಡ ದಿನಗಳಲ್ಲಿ ಆಹಾರಕ್ಕಾಗಿ ಒತ್ತಾಯಿಸಬಾರದಾಗಿ ವಿನಂತಿ. ಹದಿನಾರು ವರ್ಷದ ಸರ್ವಿಸಿನಲ್ಲಿ ಅಷ್ಟು ಅಚ್ಚುಕಟ್ಟಾದ ಟಿಪ್ಪಣಿಯನ್ನು ನಾನು ಯಾವ ಸಾಹೇಬರಿಗೂ ಬರೆದುಕೊಟ್ಟಿರಲಿಲ್ಲ. ಡಾಕ್ಟರು ಓದಿ, ತಪ್ಪಾಯಿತು ಎಂದರು. ಕರೆಂಟಿನ ಮಾತು ಅಲ್ಲಿಗೆ ನಿಂತಿತು. ಬೆಳ್ಳುಳ್ಳಿ ಇಲ್ಲದ ಊಟ ಬೇರೆಯಾಗಿ ಬರತೊಡಗಿತು.

ಸಂಜೆ ಗುವಾಹಟಿಗೆ ಫೋನು ಮಾಡಿ, "ನಿಮ್ಮಮ್ಮನಿಗೆ ಕರೆಂಟ್ ಕೊಡೋಕೆ ಹೊರಟಿದ್ರು ರೀ. ನಾನು ಬಿಡ್ಲಿಲ್ಲ," ಎಂದೆ.

"ಸದ್ಯ, ನೀನಿದ್ಯಲ್ಲ," ಎಂದರು. ಮದುವೆಯಾದ ಮೇಲೆ ಅವರ ಬಾಯಿಂದ ಅಂಥ ಮಾತು ನಾನು ಹೆಚ್ಚು ಕೇಳಿಲ್ಲ. ಎರಡು ದಿನ ಅದರಲ್ಲೇ ತೇಲುತ್ತಿದ್ದೆ.

ಭೇಟಿಗೆ ಭಾನುವಾರ ಮಾತ್ರ ಅವಕಾಶ, ಹನ್ನೊಂದರಿಂದ ಒಂದರವರೆಗೆ. ಮುಂದಿನ ಭಾನುವಾರಗಳಲ್ಲಿ ಅತ್ತೆಯಲ್ಲಿ ಬದಲಾವಣೆ ಕಂಡಿತು. ಮುಖ ತಿಳಿಯಾಗಿತ್ತು. ನನ್ನನ್ನು ನೋಡಿದೊಡನೆ ಮಂಚದಲ್ಲಿ ಜರುಗಿ ಜಾಗ ಮಾಡುತ್ತಿದ್ದರು. ಒಂದು ಸಲ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀನು ಬಂದಿದ್ದು ಒಳ್ಳೇದಾಯ್ತು ಕಣೇ," ಎಂದರು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ತಾವಾಗಿ ಮುಟ್ಟಿದ್ದು ಅದೇ ಮೊದಲು. ಆಮೇಲೆ ಪ್ರತಿ ಭಾನುವಾರವೂ ಹಾಗೇ ಹಿಡಿದು ಕೂರುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕಣ್ಣೀರು ಹಾಕುತ್ತಿದ್ದೆ. ಮಾತ್ರೆ ಕೆಲಸ ಮಾಡುತ್ತಿದೆ ಎಂದುಕೊಂಡೆ. ರವಿಕೆಯ ತೋಳು ಜೋಲುತ್ತಿದ್ದುದು ಕಣ್ಣಿಗೆ ಬೀಳಲಿಲ್ಲವೇ ಎಂದರೆ, ಬಿದ್ದಿತ್ತು. ಮುಂದಿನ ಸಲ ಬರುವಾಗ ಹೊಲಿಗೆ ಒಳಗೆ ಹಿಡಿದು ತರಬೇಕು ಅಂತ ಅಂದುಕೊಂಡೆ.

ನಡುವೆ ಒಂದು ದಿನ ಡಾಕ್ಟರು ಆಫೀಸಿಗೆ ಫೋನು ಮಾಡಿದರು. ಮಾತಾಜಿಯ ತೂಕ ಇಳಿಯುತ್ತಿದೆ, ಊಟ ತೀರಾ ಕಡಿಮೆ, ನಿಮಗೇನನ್ನಿಸುತ್ತದೆ ಎಂದು ಕೇಳಿದರು. "ಚಾತುರ್ಮಾಸ್ಯ ಅಲ್ವಾ ಡಾಕ್ಟರ್, ಎಲ್ಲರೂ ಸ್ವಲ್ಪ ಇಳೀತಾರೆ. ಕಾರ್ತಿಕ ಕಳೆದ್ಮೇಲೆ ತುಂಬ್ಕೋತಾರೆ," ಎಂದೆ. ನಾನು ಹಾಗೆ ಹೇಳುವಾಗ ಎದುರಿಗೆ ಒಂದು ಫೈಲು ತೆರೆದಿತ್ತು, ಅದನ್ನು ಮಧ್ಯಾಹ್ನದೊಳಗೆ ಮೇಲೆ ಕಳಿಸಬೇಕಿತ್ತು.

ಭಾದ್ರಪದ ಮುಗಿಯುತ್ತಾ ಬಂದಾಗ ಒಂದು ಶನಿವಾರ ಏಕಾದಶಿ ಬಿತ್ತು. ಮರುದಿನ ಭಾನುವಾರ, ದ್ವಾದಶಿ. ನಮ್ಮಲ್ಲಿ ಏಕಾದಶಿಯ ಉಪವಾಸಕ್ಕಿಂತ ದ್ವಾದಶಿಯ ಊಟ ದೊಡ್ಡದು. ಬೆಳಗಿನ ಜಾವವೇ ಎದ್ದು ಅಡುಗೆ ಮಾಡಿ, ಹೊತ್ತು ಮೀರುವುದರೊಳಗೆ ಉಣ್ಣಲೇಬೇಕು. ಅದಕ್ಕೆ ಪಾರಣೆ ಎನ್ನುತ್ತಾರೆ. ಪಾರಣೆ ಮಾಡದಿದ್ದರೆ ಹಿಂದಿನ ದಿನ ಹಸಿದಿದ್ದೆಲ್ಲ ವ್ಯರ್ಥ, ಮೇಲೆ ಪಾಪ ಬೇರೆ. ಜ್ವರ ಬಂದರೂ ಸರಿ, ಮನೆಗೆ ನೆಂಟರು ಬಂದರೂ ಸರಿ, ಅತ್ತೆ ಒಂದು ದ್ವಾದಶಿಯನ್ನೂ ತಪ್ಪಿಸಿದವರಲ್ಲ. ಅವತ್ತು ನನಗೂ ಏನೋ ಹುಕಿ ಬಂತು. ಬೇಗ ಎದ್ದು, ಸ್ನಾನ ಮಾಡಿ, ಅನ್ನ, ತೊವ್ವೆ, ನೆಲ್ಲಿಚಟ್ಟಿನ ತಂಬುಳಿ ಮಾಡಿ ಡಬ್ಬಿಗೆ ತುಂಬಿಕೊಂಡು ಹೊರಟೆ. ಹೇಗೂ ಬೆಳಗ್ಗೆಯೇ ಅವರ ಪಾರಣೆ ಆಗಿರುತ್ತದೆ, ಮಧ್ಯಾಹ್ನಕ್ಕೆ ನನ್ನ ಕೈಯಡುಗೆ ಇರಲಿ ಎಂದು.

ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಸಿಕ್ಕರು. "ಇವತ್ತು ತಿನ್ನೋದಿಲ್ಲ ಅವರು. ವ್ರತ," ಎಂದರು ಡಬ್ಬಿ ನೋಡಿ.

"ವ್ರತ ನಿನ್ನೆ ಸಿಸ್ಟರ್. ಇವತ್ತು ಬೆಳಗ್ಗೆ ಊಟ ಮಾಡಿರ್ತಾರಲ್ಲ?"

"ಇಲ್ಲ. ಇವತ್ತೂ ವ್ರತ ಅಂದ್ರು."

"ದ್ವಾದಶಿ ದಿನ ಯಾರೂ ಉಪವಾಸ ಮಾಡಲ್ಲ ಸಿಸ್ಟರ್."

"ನಿಮ್ಮ ಪೇಪರಿನಲ್ಲಿ ಹಾಗೆ ಬರೆದಿಲ್ಲವಲ್ಲ?" ಎಂದರು ಸಿಸ್ಟರ್. ಆಕ್ಷೇಪಣೆಯ ಧಾಟಿಯಲ್ಲಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದರು.

ಬರೆದಿರಲಿಲ್ಲ. ಹನ್ನೆರಡು ಅಂಶಗಳಲ್ಲಿ ಅವರು ಯಾವಾಗ ಉಣ್ಣುವುದಿಲ್ಲ ಎಂಬುದೆಲ್ಲ ಇತ್ತು. ಯಾವಾಗ ಉಣ್ಣಲೇಬೇಕು ಎಂಬುದು ಒಂದೂ ಇರಲಿಲ್ಲ. ಊಟ ಮಾಡುವವರ ಬಗ್ಗೆ ಯಾರಾದರೂ ಟಿಪ್ಪಣಿ ಬರೆಯುತ್ತಾರೆಯೇ?

ನಾನು ಊಟದ ಪಟ್ಟಿ ತೋರಿಸಿ ಎಂದೆ. ಸಿಸ್ಟರ್ ರಿಜಿಸ್ಟರ್ ತಂದರು. ಅವರ ಮೇಲೆ ತಪ್ಪು ಹೊರಿಸುವುದಕ್ಕಿಲ್ಲ. ಪ್ರತಿ ಹೊತ್ತಿಗೂ ತಟ್ಟೆ ಹಿಡಿದು ಹೋಗಿದ್ದಾರೆ, ಅತ್ತೆ ಹೇಳಿದ ಕಾರಣವನ್ನು ನನ್ನ ಕಾಗದದ ಜೊತೆ ತಾಳೆ ನೋಡಿದ್ದಾರೆ, ಸರಿಹೋಗಿದೆ, ಬರೆದುಕೊಂಡಿದ್ದಾರೆ. ಸೋಮವಾರ ಒಪ್ಪೊತ್ತು. ಗುರುವಾರ ಒಪ್ಪೊತ್ತು. ಶನಿವಾರ ಒಪ್ಪೊತ್ತು. ಹಾಲು ಬೇಡ, ಈ ತಿಂಗಳು ಹಾಲಿಲ್ಲ. ಅದು ಸರಿ, ಅದು ಹಾಲು ಬಿಡುವ ತಿಂಗಳೇ. ಮೊಸರು ಬೇಡ, ಈ ತಿಂಗಳು ಮೊಸರಿಲ್ಲ. ಬೇಳೆ ಬೇಡ, ಈ ತಿಂಗಳು ಬೇಳೆಯಿಲ್ಲ. ತರಕಾರಿ ಬೇಡ, ಈ ತಿಂಗಳು ತರಕಾರಿಯಿಲ್ಲ. ನಾಲ್ಕು ತಿಂಗಳ ವ್ರತವನ್ನು ಅವರು ಒಂದೇ ತಿಂಗಳಲ್ಲಿ ಹಿಡಿದಿದ್ದರು. ಕೊನೆಯ ವಾರ ಎರಡು ಬಾಳೆಹಣ್ಣು, ನಾಲ್ಕಾರು ಚಮಚ ನೀರು, ಅಷ್ಟೇ. ಕಾಗದದಲ್ಲಿದ್ದದ್ದು ನಮ್ಮ ಪಂಚಾಂಗದ ತಿಂಗಳುಗಳು, ಪಂಜಾಬಿ ಡಾಕ್ಟರಿಗೂ ಮಲಯಾಳಿ ಸಿಸ್ಟರಿಗೂ ಅದು ಹೇಗೆ ಗೊತ್ತಾಗಬೇಕು? ಗೊತ್ತಾಗಬೇಕಾದವಳು ಆ ಇಡೀ ಘಾಜಿಯಾಬಾದಿನಲ್ಲಿ ನಾನೊಬ್ಬಳು. ನಾನು ಭಾನುವಾರ ಭಾನುವಾರ ಬಂದು ಕೈ ಹಿಡಿಸಿಕೊಂಡು ಹೋಗುತ್ತಿದ್ದೆ.

ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಅತ್ತೆ, ಇವತ್ತು ದ್ವಾದಶಿ."

"ಗೊತ್ತು," ಎಂದರು.

"ಪಾರಣೆ ಮಾಡ್ಲಿಲ್ಲ ನೀವು."

"ಬೇಡ."

ಮರೆವಾಗಿದ್ದರೆ, ದಿನ ತಪ್ಪಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರಿಗೆ ತಿಥಿ ಸರಿಯಾಗಿ ಗೊತ್ತಿತ್ತು. ಐವತ್ತು ವರ್ಷ ದ್ವಾದಶಿ ತಪ್ಪಿಸದ ಹೆಂಗಸು ಗೊತ್ತಿದ್ದೂ ಉಣ್ಣುವುದಿಲ್ಲವೆಂದರೆ ಅದಕ್ಕೆ ವ್ರತ ಅನ್ನುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ತಂಬುಳಿಯಲ್ಲಿ ಅನ್ನ ಕಲಸಿ ಒಂದು ತುತ್ತು ಬಾಯಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡರು. ಅವರ ಹಲ್ಲು ಗಟ್ಟಿ, ಆ ವಯಸ್ಸಿನಲ್ಲೂ ಕಬ್ಬು ಸಿಗಿಯುತ್ತಿದ್ದರು.

ಭಾನುವಾರವಾದರೂ ಡಾಕ್ಟರು ಅರ್ಧ ಗಂಟೆಯಲ್ಲಿ ಬಂದರು. ನಾಡಿ ನೋಡಿದರು, ನಾಲಿಗೆ ನೋಡಿದರು, ಡ್ರಿಪ್ ಹಾಕಿಸಿದರು. ನಾನು ನಡೆದದ್ದನ್ನು ಹೇಳಿದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ. "ನಾನೂ ಒಪ್ಪಿಕೊಂಡೆನಲ್ಲ," ಎಂದರು. ಆಮೇಲೆ, "ಈಗ ಮಾತ್ರೆಗಾಗಿ ಕಾಯೋ ಸಮಯ ಇಲ್ಲ. ಕರೆಂಟ್ ಕೊಡ್ಬೇಕು. ಸಹಿ ಬೇಕು," ಎಂದು ಫಾರಂ ಮುಂದಿಟ್ಟರು.

ಕಾರಿಡಾರಿಗೆ ಬಂದು ಗುವಾಹಟಿಗೆ ಫೋನು ಹಚ್ಚಿದೆ. ನಮ್ಮವರು ಎಲ್ಲ ಕೇಳಿ, "ಸ್ವಲ್ಪ ತಡಿ. ಅಂಥಾದ್ದಕ್ಕೆಲ್ಲ ಸಹಿ ಹಾಕ್ಬೇಡ. ನಾನೇ ಬರ್ತೀನಿ," ಎಂದರು.

"ಯಾವತ್ತು ಬರ್ತೀರ?"

"ರಜ ಸ್ಯಾಂಕ್ಷನ್ ಆಗ್ಬೇಕಲ್ಲ."

"ನಿಮ್ಮ ರಜ ಸ್ಯಾಂಕ್ಷನ್ ಆಗೋವರೆಗೆ ನಿಮ್ಮಮ್ಮ ಇರಲ್ಲ ರೀ!" ಎಂದು ಕಿರುಚಿದೆ. ದುಂಡಗೆ ಕೂತು ಮಾತಾಡುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅಲ್ಲಿ ಹುಚ್ಚು ಹಿಡಿದವಳ ಹಾಗೆ ಕೂಗಾಡಿದವಳು ಆ ಹೊತ್ತಿಗೆ ನಾನೊಬ್ಬಳೇ. ಫೋನು ಕಟ್ ಮಾಡಿ, ಒಳಗೆ ಹೋಗಿ ಸಹಿ ಹಾಕಿದೆ. ರೋಗಿಗೂ ನಿಮಗೂ ಇರುವ ಸಂಬಂಧ ಎಂಬ ಕಡೆ ಸೊಸೆ ಎಂದು ಬರೆದೆ.

ಡ್ರಿಪ್ಪಿನಲ್ಲಿ ಎರಡು ದಿನ ಸ್ವಲ್ಪ ಚೇತರಿಸಿಕೊಂಡ ಮೇಲೆ ಮೊದಲನೆಯ ಸಲ ಕೊಟ್ಟರು. ಅದಕ್ಕೆ ಮೊದಲು ಹೊಟ್ಟೆ ಖಾಲಿ ಇರಬೇಕಂತೆ. ಆ ನರ್ಸಿಂಗ್ ಹೋಮಿನ ನಿಯಮಗಳಲ್ಲಿ ಅತ್ತೆ ತಕರಾರಿಲ್ಲದೆ ಒಪ್ಪಿಕೊಂಡದ್ದು ಅದೊಂದನ್ನೇ. ನಾನು ರಜ ಹಾಕಿ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಚೀರಾಟ ಕೇಳಿಸುತ್ತದೆ ಎಂದು ಕಿವಿ ಮುಚ್ಚಿಕೊಳ್ಳಲು ತಯಾರಾಗಿದ್ದೆ. ಏನೂ ಕೇಳಿಸಲಿಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತೂ ಹಿಡಿಯಲಿಲ್ಲ, ತಳ್ಳುಗಾಡಿಯಲ್ಲಿ ಮಲಗಿಸಿ ಆಚೆ ತಂದರು. ನಿದ್ದೆ ಹತ್ತಿತ್ತು. ಹಣೆಯ ಎರಡೂ ಕಡೆ ಏನೋ ಅಂಟು ಹತ್ತಿತ್ತು, ಸೆರಗಿನಿಂದ ಒರೆಸಿದೆ.

ಒಂದು ದಿನ ಬಿಟ್ಟು ಒಂದು ದಿನ ಕೊಡುತ್ತಿದ್ದರು. ಎರಡನೆಯದಕ್ಕೂ ಏನೂ ಆಗಲಿಲ್ಲ. ಮೂರನೆಯದು ಕಳೆದ ಮೇಲೆ ಅರ್ಧ ಲೋಟ ಗಂಜಿ ಕುಡಿದರು. ನಾಲ್ಕನೆಯದು ಕಳೆದ ಮಧ್ಯಾಹ್ನ ತಟ್ಟೆ ತಂದ ಆಯಾಗೆ ಕನ್ನಡದಲ್ಲಿ, "ಕೈ ತೊಳ್ಕೊಂಡು ಬಾರೇ!" ಎಂದು ಗದರಿದರಂತೆ. ಭಾಷೆ ಗೊತ್ತಿಲ್ಲದ ಆ ಹೆಂಗಸು ಹೆದರಿ ಹೋಗಿ ಕೈ ತೊಳೆದುಕೊಂಡು ಬಂದಳಂತೆ. ಸಿಸ್ಟರ್ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಆಫೀಸಿನಲ್ಲಿ ಜೋರಾಗಿ ನಕ್ಕೆ, ನಗುತ್ತಾ ನಗುತ್ತಾ ಅಳು ಬಂತು, ಸೆಕ್ಷನ್ನಿನವರು ನೀರು ತಂದುಕೊಟ್ಟರು. ಮರೆವು ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಬಂತು. ಯಾವ ತಿಂಗಳು, ಯಾವ ತಿಥಿ ಎಂಬುದೆಲ್ಲ ಕೆಲವು ದಿನ ಕಲಸಿಹೋಯಿತು. ಹಾಲು ಬಿಡುವ ತಿಂಗಳಲ್ಲಿ ಒಂದು ಲೋಟ ಹಾಲು ಗಟಗಟ ಕುಡಿದರು. ನೋಡಿಯೂ ನೆನಪಿಸಲಿಲ್ಲ. ಆ ಪಾಪ ನನಗಿರಲಿ.

ಎಂಟು ಸಲ ಕೊಟ್ಟ ಮೇಲೆ, ಮಾತ್ರೆಯ ಪಟ್ಟಿ ಕೈಗಿಟ್ಟು ಮನೆಗೆ ಕಳಿಸಿದರು. ನಮ್ಮವರೂ ಅಷ್ಟರಲ್ಲಿ ರಜದ ಮೇಲೆ ಬಂದು ಹತ್ತು ದಿನ ಇದ್ದು ಹೋದರು. ತಾಯಿಯ ಹತ್ತಿರ ಹವಾಮಾನ, ಮಗಳ ಓದು ಎಲ್ಲ ಮಾತಾಡಿದರು, ಆಸ್ಪತ್ರೆಯದೊಂದನ್ನು ಬಿಟ್ಟು. ಪಕ್ಕದ ಮನೆಯ ಆಂಟಿ ಬಂದು, "ಮಾತಾಜಿ, ಹರಿದ್ವಾರದಲ್ಲಿ ಎಷ್ಟು ಇಳಿದುಹೋದ್ರಿ! ಗಂಗಾಜಲ?" ಎಂದಳು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಹರಕುಮುರುಕು ಹಿಂದಿಯಲ್ಲಿ, ಬಾಟ್ಲಿ ರೈಲಿನಲ್ಲೇ ಉಳಿಯಿತು ಎಂದು ಒಂಚೂರೂ ತಡವರಿಸದೆ ಹೇಳಿದರು.

ಕಾರ್ತಿಕ ಕಳೆದು ಚಳಿ ಶುರುವಾಗಿತ್ತು. ಒಂದು ರಜಾದಿನ ಬಾಲ್ಕನಿಯ ಬಿಸಿಲಿಗೆ ಚಾಪೆ ಹಾಕಿಕೊಂಡು ಇಬ್ಬರೂ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದೆವು. ನಾನು ಕಡ್ಡಿ ಹೆಚ್ಚು ಬಿಡುತ್ತೇನೆ ಎಂದು ಅಷ್ಟರಲ್ಲಿ ಎರಡು ಸಲ ಬೈಸಿಕೊಂಡಾಗಿತ್ತು. ಅವರು ಸೊಪ್ಪಿನಿಂದ ಕಣ್ಣೆತ್ತದೆ, "ಅಲ್ಲಿ ನೀನೊಂದು ಕಾಗದ ಬರ್ಕೊಟ್ಟಿದ್ಯಲ್ಲ," ಎಂದರು. "ಆ ಸಿಸ್ಟರ್ ನಂಗೆ ಓದಿ ಹೇಳಿದ್ಲು."

ನಾನು ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದೆ.

"ಆಗ ಅಂದ್ಕೊಂಡೆ, ನನ್ನ ಸೊಸೆಗೆ ಅರ್ಥ ಆಗಿದೆ ಅಂತ."

"ಏನು ಅರ್ಥ ಆಗಿದೆ ಅಂತ?"

"ನಾನು ಹೊರಟಿದೀನಿ ಅಂತ. ನನ್ನ ಮಗ ಆಗಿದ್ರೆ ಬಿಡ್ತಿರ್ಲಿಲ್ಲ, ಕಾಲು ಹಿಡ್ಕೊಂಡು ಅಳ್ತಿದ್ದ. ನೀನು ಗಟ್ಟಿಗಿತ್ತಿ. ಯಾರಿಗೂ ಗೊತ್ತಾಗ್ದ ಹಾಗೆ ದಾರಿ ಮಾಡ್ಕೊಟ್ಟೆ ಅಂದ್ಕೊಂಡೆ. ಇಷ್ಟು ವರ್ಷ ಇವಳನ್ನ ಸುಮ್ನೆ ಬೈದೆನಲ್ಲ ಅಂತ ಅನ್ನಿಸೋದು. ಅದಕ್ಕೇ ನೀನು ಬಂದಾಗೆಲ್ಲ ಕೈ ಹಿಡ್ಕೊಂಡು ಕೂತ್ಕೋತಿದ್ದೆ."

ಆ ಕೈಹಿಡಿತವನ್ನು ನೆನೆದು ನಾನು ಬಸ್ಸಿನಲ್ಲಿ ಎಷ್ಟು ಸಲ ಕಣ್ಣೊರೆಸಿಕೊಂಡಿದ್ದೆ. ನನಗೆ ಗೊತ್ತಿರಲಿಲ್ಲ, ಸತ್ಯವಾಗಿ ಗೊತ್ತಿರಲಿಲ್ಲ. ಆದರೆ ಅವರಿಲ್ಲದ ಆ ವಾರಗಳಲ್ಲಿ ನಾನು ಬೆಳಗ್ಗೆ ಆರೂವರೆಗೆ ಎದ್ದು, ನನ್ನದೇ ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕಾಫಿ ಮಾಡಿಕೊಂಡು ಸುಖವಾಗಿದ್ದೆ ಎಂಬುದೂ ಅಷ್ಟೇ ಸತ್ಯ. ಡಾಕ್ಟರು ತೂಕದ ಬಗ್ಗೆ ಕೇಳಿದಾಗ ಒಂದು ನಿಮಿಷ ಯೋಚಿಸಿ ಉತ್ತರ ಹೇಳಬಹುದಿತ್ತು. ಹೇಳಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ ಅತ್ತೆ," ಎಂದೆ.

ಅವರು ಆಗ ಕಣ್ಣೆತ್ತಿ ನನ್ನನ್ನೇ ನೋಡಿದರು. ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

"ಗೊತ್ತಿರ್ಲಿಲ್ವಾ?" ಎಂದರು.

"ಇಲ್ಲ."

ನಾನು ಬಿಡಿಸಿದ ಸೊಪ್ಪಿನಿಂದ ಕಡ್ಡಿ ಆರಿಸಿ ತೆಗೆದರು. ಆಮೇಲೆ, "ಇನ್ನೊಂದ್ಸಲ ನಂಗೆ ಹಾಗಾದ್ರೆ ನೀನೇ ಗೊತ್ತು ಮಾಡ್ಕೋಬೇಕು ಕಣೇ," ಎಂದರು. "ನಾನು ಹೇಳೋಳಲ್ಲ."